ಗ್ಲಾಸ್ಗೋಗೆ ಒಯ್ದ ಅಂಟಿನುಂಡಿ

ಝಳಕಿ

ವಿದೇಶಕ್ಕೆ ಹೋಗಿ ಬಂದವರಿಗೆ ನಮ್ಮ ಕಡೆ ಇನ್ನೂ ಒಂದು ಮರ್ಯಾದೆ ಇದೆ. ನಾನು ಡ್ಯೂಟಿಗೆ ಮರಳಿದ ದಿನ ಝಳಕಿಯ ಆಸ್ಪತ್ರೆಗೆ ಬಂದವರೆಲ್ಲ ಜ್ವರ, ಕೆಮ್ಮು ಬಿಟ್ಟು ನನ್ನ ಮುಖ ನೋಡುತ್ತ ನಿಂತರು.

"ನರ್ಸಬಾಯಾರ, ಫಾರಿನ್ ಹೆಂಗಿತ್ರಿ?"

"ಭಾಳ ಥಂಡಿ."

"ಫೋಟೋ ತೋರಸ್ರಿ ಮತ್ತ."

ಮೊಬೈಲು ಕೆಟ್ಟಿದೆ ಎಂದು ಸುಳ್ಳು ಹೇಳಿದೆ. ಇಪ್ಪತ್ತು ದಿನ ಇದ್ದೆ. ಒಂದು ಕೋಟೆ ನೋಡಲಿಲ್ಲ, ಒಂದು ಬೆಟ್ಟ ಹತ್ತಲಿಲ್ಲ. ನಾನು ನೋಡಿದ್ದು ಒಂದು ಆಸ್ಪತ್ರೆ, ಒಂದು ಔಷಧಿ ಅಂಗಡಿ ಮತ್ತು ನನ್ನ ತಮ್ಮನ ಮುಖ. ಇವುಗಳ ಫೋಟೋ ಯಾರಿಗೆ ತೋರಿಸಲಿ?

ಹೇಳದೆ ಇದ್ದರೆ ಹೊಟ್ಟೆಯೊಳಗೆ ಹುಳ ಬಿದ್ದಂತಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಅವ್ವನಿಗೆ ಓದು ಬರುವುದಿಲ್ಲ. ಓದು ಬರುವ ನೀವು ದಯಮಾಡಿ ಇದನ್ನು ಅವಳ ಕಿವಿಗೆ ಹಾಕಬೇಡಿ. ತಮ್ಮನ ಹೆಸರು ಬೇರೆ, ಇಲ್ಲಿ ಸಂಗು ಎನ್ನುತ್ತೇನೆ.

ನನ್ನ ಕೆಲಸದ ಬಗ್ಗೆ ಒಂದು ಮಾತು ಮೊದಲೇ ಹೇಳಬೇಕು. ಕ್ಷಯದ ರೋಗಿಗಳಿಗೆ ಎದುರು ಕೂರಿಸಿಕೊಂಡು ಗುಳಿಗೆ ನುಂಗಿಸುವುದರಲ್ಲಿ ನನ್ನ ಅರ್ಧ ನೌಕರಿ ಕಳೆದಿದೆ. ಗುಳಿಗೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಳ್ಳುವವರು, ಗಲ್ಲದಲ್ಲಿ ಒತ್ತಿಕೊಳ್ಳುವವರು, ಕೆಮ್ಮಿದಂತೆ ಮಾಡಿ ಸೆರಗಿಗೆ ಉಗುಳುವವರು, ಎಲ್ಲರನ್ನೂ ಕಂಡಿದ್ದೇನೆ. ನುಂಗಿದ ಮೇಲೆ ಪ್ರತಿಯೊಬ್ಬರಿಗೂ "ನಾಲಿಗಿ ಎತ್ತು" ಅನ್ನುತ್ತೇನೆ. ಊರಿನವರು ಬೆನ್ನ ಹಿಂದೆ ನನ್ನನ್ನು ನಾಲಿಗಿಬಾಯಿ ಎನ್ನುತ್ತಾರೆ, ಗೊತ್ತು. ನನ್ನನ್ನು ಯಾಮಾರಿಸಿದ ರೋಗಿ ಇಂಡಿ ತಾಲೂಕಿನಲ್ಲೇ ಇಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಸಂಗು ನನಗಿಂತ ಹದಿಮೂರು ವರ್ಷ ಚಿಕ್ಕವನು. ಅಪ್ಪ ಹೋದಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ. ಬಸವನ ಬಾಗೇವಾಡಿಯ ಮನೆ ಬಿಟ್ಟು ಅವ್ವನನ್ನೂ ಅವನನ್ನೂ ಇಂಡಿಗೆ ಕರೆತಂದವಳು ನಾನು. ಅವನನ್ನು ನರ್ಸಿಂಗಿಗೆ ಹಚ್ಚಿದವಳೂ ನಾನೇ. ಇಂಡಿಯಲ್ಲಿ ನಿಂಬೆಹಣ್ಣಿಗೇನು ಬರ. ಅಡುಗೆಮನೆಯಲ್ಲಿ ಕೂಡಿಸಿ ನಿಂಬೆಹಣ್ಣಿಗೆ ಸೂಜಿ ಚುಚ್ಚುವುದನ್ನು ಕಲಿಸಿದೆ. "ಕೈ ಹಗುರ ಇರಲಿ, ಚುಚ್ಚಿದ್ದು ಗೊತ್ತಾಗಬಾರದು" ಎಂದು ಹೇಳಿಕೊಟ್ಟೆ. ಕೈ ಬಹಳ ಹಗುರವಾಯಿತು. ಕೋರ್ಸು ಮುಗಿಸಿ, ಪರೀಕ್ಷೆ ಬರೆದು ಗ್ಲಾಸ್ಗೋದ ಆಸ್ಪತ್ರೆ ಸೇರಿದ. ನಾನು ಓಣಿಯಲ್ಲೆಲ್ಲ ಪೇಢೆ ಹಂಚಿದೆ.

ಹೋದ ವರ್ಷ ಒಂದು ಮಧ್ಯಾಹ್ನ, ಲಸಿಕೆ ಡಬ್ಬಿಯನ್ನು ಫ್ರಿಜ್ಜಿಗೆ ಇಡುತ್ತಿದ್ದಾಗ ಅವನ ಫೋನು ಬಂತು.

"ಅಕ್ಕಾ, ನನ್ನ ನೌಕರಿ ಹೋಗಿ ಎಂಟು ತಿಂಗಳಾತು. ನಾ ಹೆರಾಯಿನ್ ತಗೊಳ್ಳಾಕತ್ತೇನಿ."

ದಪ್ಪ ರೋಗಿಗಳನ್ನು ಎತ್ತಿ ಹೊರಳಿಸಿ ಬೆನ್ನು ನೋವಾಯಿತಂತೆ. ನೋವಿಗೆ ಗುಳಿಗೆ ಶುರುವಾಯಿತು. ಗುಳಿಗೆ ಸಾಲದಾದಾಗ ವಾರ್ಡಿನ ಇಂಜಕ್ಷನ್ ಕದ್ದ, ಸಿಕ್ಕಿಬಿದ್ದ. ಆಮೇಲೆ ಬೀದಿಯಲ್ಲಿ ಸಿಗುವುದು. ಅವನು ಅಳುತ್ತಿದ್ದ. ನಾನು ಫ್ರಿಜ್ಜಿನ ಬಾಗಿಲು ಹಾಕುವುದನ್ನೂ ಮರೆತು ನಿಂತೆ.

ಚಿಕಿತ್ಸೆಗೆ ಹಾಸಿಗೆ ಸಿಗಲು ತಿಂಗಳುಗಟ್ಟಲೆ ಕಾದ. ಕೊನೆಗೆ ಸಿಕ್ಕಿತು. ವಿಷ ಇಳಿಸಲು ಎರಡು ವಾರ. ಅದು ಮುಗಿದ ಮೇಲೆ ಇನ್ನೊಂದು ವಾರ ಅಲ್ಲೇ ಇಟ್ಟುಕೊಂಡು ನೋಡುತ್ತಾರೆ. ಕೊನೆಯ ಮೂತ್ರ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ ಆರು ತಿಂಗಳು ಸುಧಾರಿಸಿಕೊಳ್ಳುವ ಮನೆಯಲ್ಲಿ ಜಾಗ ಕೊಡುತ್ತಾರೆ. ಆ ಆರು ತಿಂಗಳು ಮುಗಿಸಿ ಬಂದವನಿಗೆ ಮತ್ತೆ ನರ್ಸ್ ಆಗುವ ದಾರಿಯಿದೆ. ಪರೀಕ್ಷೆಯಲ್ಲಿ ಏನಾದರೂ ಸಿಕ್ಕರೆ ಮತ್ತೆ ಕಾಯುವವರ ಸಾಲಿನ ತುದಿಗೆ.

"ಕೊನೀ ವಾರ ಮನಿಯವ್ರು ಯಾರರ ಇದ್ರ ಚಲೋ ಅಂತಾರ, ಅಕ್ಕಾ. ಬರ್ತೀಯೇನ?"

ಇಪ್ಪತ್ತಾರು ವರ್ಷಗಳ ನೌಕರಿಯಲ್ಲಿ ಮೊದಲ ಸಲ ಉದ್ದ ರಜೆ ಬರೆದುಕೊಟ್ಟೆ.

ಇಂಡಿ

ಅವ್ವನಿಗೆ ಕಾಮಣಿ ಎಂದು ಹೇಳಿದ್ದೆವು. ಕಾಮಣಿಯಾದರೆ ಅವಳಿಗೆ ಅರ್ಥವಾಗುತ್ತದೆ. ಹಳದಿ ಕಣ್ಣು, ಸಪ್ಪನ ಊಟ, ಹಸಿರು ಔಷಧಿ. ಹೆರಾಯಿನ್ ಎಂದರೆ ಅವಳು ಅದು ಯಾವ ಊರು ಎಂದು ಕೇಳುತ್ತಿದ್ದಳು.

ಆಸ್ಪತ್ರೆಯ ಹೆಣ್ಣುಮಗಳೊಬ್ಬಳಿಗೆ ಮಾತ್ರ ತಮ್ಮ ಕುಡಿಯುತ್ತಾನೆ ಎಂದು ಅರ್ಧ ಸತ್ಯ ಹೇಳಿದ್ದೆ. ಅವಳು ಪಂಢರಪುರದ ತುಳಸಿಮಾಲೆ ತಂದುಕೊಟ್ಟಳು. "ಇದನ್ನ ಕೊರಳಿಗೆ ಹಾಕಿ ಆಣಿ ಮಾಡಸ್ರಿ ಅಕ್ಕಾರ, ನಮ್ಮ ಭಾವ ಹಂಗ ಬಿಟ್ಟಾನ" ಅಂದಳು. ನಮ್ಮ ಸುತ್ತಿನ ಊರುಗಳಲ್ಲಿ ಕುಡಿತಕ್ಕೆ ಇರುವ ದೊಡ್ಡ ಚಿಕಿತ್ಸೆ ಅದೇ. ಮಾಲೆಯನ್ನು ಪರ್ಸಿನಲ್ಲಿ ಇಟ್ಟುಕೊಂಡೆ.

ಹೊರಡುವ ನಾಲ್ಕು ದಿನ ಮೊದಲು ಸಂಗು ಫೋನು ಮಾಡಿದ. ದನಿ ನೆಟ್ಟಗಿತ್ತು. ಮೈಯೆಲ್ಲ ನೋವು, ಎಲುಬು ಟೊಳ್ಳಾದಂಗ ಆಗ್ಯಾವ ಅಂದ.

"ಅವ್ವನ ಕೈಲೆ ಅಂಟಿನುಂಡಿ ಮಾಡಿಸ್ಕೊಂಡು ಬಾ. ಗಸಗಸಿ ಜಾಸ್ತಿ ಹಾಕಸು."

"ಗಸಗಸಿ ಯಾಕೋ ಅಷ್ಟ?"

"ನನಗ ಮೊದ್ಲಿಂದ ಸೇರತೈತಲಾ. ವಿಮಾನ ಯಾವ ದೇಶದಾಗ ಬದಲಿ ಮಾಡ್ತಿ?"

ಕೊಲ್ಲಿ ದೇಶದ ವಿಮಾನ ನಿಲ್ದಾಣದ ಹೆಸರು ಹೇಳಿದೆ. ಇನ್ನೊಮ್ಮೆ ಹೇಳಿಸಿಕೊಂಡ.

"ಉಂಡಿ ಡಬ್ಬಿ ದೊಡ್ಡ ಬ್ಯಾಗಿನ್ಯಾಗ ಇಡು. ಕೈಚೀಲದಾಗ ಬ್ಯಾಡ. ನಿನಗ ಭಾರ ಆಕ್ಕೈತಿ."

ನನ್ನ ಭಾರದ ಚಿಂತೆ ಮಾಡುವ ತಮ್ಮ ಎಂದು ಕಣ್ಣು ತುಂಬಿ ಬಂತು. ಉಂಡಿ ಬೇಕು ಅಂದನಲ್ಲ, ಹಸಿವೆ ಹುಟ್ಟಿದೆ, ಹುಡುಗ ಬದುಕಿಕೊಂಡ ಎಂದೆಲ್ಲ ಲೆಕ್ಕ ಹಾಕಿ ಹಿಗ್ಗಿದೆ.

ಅಂಟಿನುಂಡಿ ನಮ್ಮಲ್ಲಿ ಬಾಣಂತಿಯರ ತಿನಿಸು. ಸೊಂಟ ಗಟ್ಟಿಯಾಗಲಿ ಎಂದು ಕೊಡುತ್ತಾರೆ. ಅವ್ವ ಅಂಟನ್ನು ತುಪ್ಪದಲ್ಲಿ ಅರಳಿಸಿದಳು, ಉತ್ತತ್ತಿ ಕುಟ್ಟಿದಳು, ಒಣಕೊಬ್ಬರಿ ತುರಿದಳು. ಗಸಗಸೆ ಹುರಿದು ಒಂದು ಬೊಗಸೆ ಹಾಕಿದಳು. ನಾನು ಇನ್ನೂ ಹಾಕು ಅಂದೆ. ಅವಳು ಇನ್ನೊಂದು ಬೊಗಸೆ ಹಾಕಿದಳು.

"ಗಂಡಸ ಮಗಗ ಬಾಣಂತನ ಮಾಡಾಕತ್ತೇವಿ ನೋಡ" ಎಂದು ನಕ್ಕಳು. ಕಾಮಣಿಯವನಿಗೆ ತುಪ್ಪದ ಉಂಡಿ ಯಾಕೆ ಎಂದು ಅವಳಿಗೂ ಹೊಳೆಯಲಿಲ್ಲ. ಮಗ ಬಾಯಿಬಿಟ್ಟು ಕೇಳಿದ ಎನ್ನುವುದೇ ಅವಳಿಗೆ ಹೆಚ್ಚಾಗಿತ್ತು.

ಕೊಲ್ಲಿಯ ನಿಲ್ದಾಣ

ಮುಂಬಯಿಯಲ್ಲಿ ದೊಡ್ಡ ಬ್ಯಾಗು ತೂಕ ಹೆಚ್ಚಾಯಿತು. ಅಲ್ಲೇ ನೆಲದ ಮೇಲೆ ಬಿಚ್ಚಿ, ನೂರು ಜನರೆದುರು ನನ್ನ ಲಂಗಗಳನ್ನು ಹರವಿಕೊಂಡು ಕೂತೆ. ಶೇಂಗಾ ಚಟ್ನಿ ಬಿಡಲೋ, ಸ್ವೆಟರ್ ಬಿಡಲೋ ಎಂದು ಯೋಚಿಸಿ, ಕೊನೆಗೆ ಉಂಡಿಯ ಸ್ಟೀಲ್ ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡೆ.

ಕೊಲ್ಲಿಯಲ್ಲಿ ವಿಮಾನ ಬದಲಿಸುವಾಗ ಕೈಚೀಲವನ್ನು ಮತ್ತೆ ಯಂತ್ರದಲ್ಲಿ ತೂರಿಸಬೇಕು. ಸಾಲಿನಲ್ಲಿ ನನ್ನ ಮುಂದೆ ಸೋಲಾಪುರದ ಹೆಂಗಸೊಬ್ಬಳು ನಿಂತಿದ್ದಳು, ಮಗಳ ಮನೆಗೆ ಹೊರಟವಳು. ನಾನು ಕನ್ನಡದವಳೆಂದು ತಿಳಿದದ್ದೇ ತಡ ನನ್ನ ಡಬ್ಬಿಯಲ್ಲಿ ಏನಿದೆ ಎಂದು ವಿಚಾರಣೆ ಶುರುಮಾಡಿದಳು. ನಮ್ಮವರಿಗೆ ಪರದೇಶದಲ್ಲೂ ಇನ್ನೊಬ್ಬರ ಡಬ್ಬಿಯ ಚಿಂತೆ.

"ಅಂಟಿನುಂಡಿ? ಗಸಗಸಿ ಹಾಕೀರೇನ್ರಿ?"

"ಹಾಕೇನ್ರಿ, ಬೊಗಸಿಗಟ್ಟಲೆ."

ಅವಳ ಮುಖ ಸುಣ್ಣವಾಯಿತು. ನನ್ನ ಕಿವಿಯ ಹತ್ತಿರ ಬಂದು, "ಯವ್ವಾ, ಈ ದೇಶದಾಗ ಗಸಗಸಿ ಅಂದ್ರ ಅಫೀಮಿನ ಲೆಕ್ಕ. ಸಿಕ್ರ ಸೀದಾ ಜೇಲಿಗಿ ಒಯ್ತಾರ. ಒಗೀರಿ ಅದನ್ನ!" ಅಂದಳು. ಅಂದವಳೇ ನಾನು ಯಾರೋ ಎಂಬಂತೆ ನಾಲ್ಕು ಜನ ಬಿಟ್ಟು ಮುಂದೆ ಹೋಗಿ ನಿಂತಳು.

ಗಸಗಸೆ ಅಫೀಮಿನ ಗಿಡದ ಬೀಜ ಎಂದು ಪುಸ್ತಕದಲ್ಲಿ ಓದಿದ್ದೆ. ಆದರೆ ಓದಿದ್ದು ಒಂದು ಕಡೆ, ಅಡುಗೆಮನೆಯ ಡಬ್ಬಿ ಇನ್ನೊಂದು ಕಡೆ. ಪಕ್ಕದಲ್ಲೇ ಕಸದ ಡಬ್ಬಿ ಇತ್ತು. ಎರಡು ಸಲ ಕೈ ಅತ್ತ ಹೋಯಿತು. ಎಲುಬು ಟೊಳ್ಳಾದಂಗ ಆಗ್ಯಾವ ಅಂದಿದ್ದನಲ್ಲ, ಆ ದನಿ ಕಿವಿಯಲ್ಲಿತ್ತು. ಒಗೆಯಲಿಲ್ಲ. ಯಂತ್ರದ ಹಿಂದಿನ ಯುವಕ ಡಬ್ಬಿ ತೆರೆದು ಮೂಸಿದ. "ಸ್ವೀಟ್?" ಎಂದ. ತಲೆಯಾಡಿಸಿದೆ. ಮುಚ್ಚಿ ಕೊಟ್ಟ. ಮುಂದಿನ ವಿಮಾನ ಹತ್ತುವವರೆಗೆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಳ್ಳಿಯಂತೆ ಕೂತೆ.

ಗ್ಲಾಸ್ಗೋ, ಮೊದಲ ದಿನಗಳು

ಅಲ್ಲಿಯ ಮಳೆ ನಮ್ಮ ಮಳೆಯಂತೆ ಬಂದು ಹೋಗುವುದಿಲ್ಲ, ಮನೆಯಲ್ಲಿ ಉಳಿದ ನೆಂಟರಂತೆ ಇರುತ್ತದೆ. ಒಬ್ಬ ಮುದುಕಿಯ ಮನೆಯ ಮೇಲಿನ ಕೋಣೆ ಹಿಡಿದಿದ್ದೆ. ಅಲ್ಲಿಂದ ಚಿಕಿತ್ಸೆಯ ಜಾಗಕ್ಕೆ ಬಸ್ಸು. ಅಲ್ಲಿ ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ನಮ್ಮ ಇಂಡಿ–ಸೋಲಾಪುರ ಬಸ್ಸಿನಲ್ಲಿ ಹಾಗೆ ಹೇಳಿದರೆ ಡ್ರೈವರು ಇವರಿಗೇನೋ ಆಗಿದೆ ಎಂದು ಬಸ್ಸನ್ನು ಆಸ್ಪತ್ರೆಗೆ ತಿರುಗಿಸುತ್ತಾನೆ.

ಹೆಂಗಸರನ್ನು ಅಲ್ಲಿ 'ಹೆನ್' ಎಂದು ಕರೆಯುತ್ತಾರೆ. ಹೆನ್ ಅಂದರೆ ಕೋಳಿ. ಮೊದಲ ದಿನ ನನಗೆ ಸಿಟ್ಟೇ ಬಂತು. ಆಮೇಲೆ ಅದು ನಾವು ಯವ್ವಾ ಎನ್ನುವ ಹಾಗೆ ಎಂದು ತಿಳಿಯಿತು. ನನ್ನನ್ನು ಹಾಗೆ ಮೊದಲು ಕರೆದವಳು ಸಂಗುವಿನ ನರ್ಸ್, ಮೊರಾಗ್. ನನ್ನ ವಯಸ್ಸಿನವಳು, ಮೋಟು ಕೂದಲು, ದೊಡ್ಡ ಹೆಜ್ಜೆ. ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ ಎಂದು ಬಾಗಿಲಲ್ಲೇ ಡಬ್ಬಿಯನ್ನು ನನ್ನ ಕೈಗೆ ವಾಪಸು ಕೊಟ್ಟಳು.

ಸಂಗು ಬಂದ. ಅಂಗಿಯೊಳಗೆ ಮೈಯೇ ಇರಲಿಲ್ಲ. ಕಾಲು ಮುಟ್ಟಲು ಬಗ್ಗಿದವನನ್ನು ಹಿಡಿದುಕೊಂಡೆ. ಇಬ್ಬರೂ ಅತ್ತೆವು. ಅಲ್ಲಿದ್ದವರು ಅಳುವವರನ್ನು ನೋಡಬಾರದೆಂದು ಗೋಡೆ ನೋಡುತ್ತ ಹೋದರು. ನಮ್ಮಲ್ಲಾಗಿದ್ದರೆ ಸುತ್ತ ಹತ್ತು ಜನ ನಿಂತು ಏನಾತು ಎಂದು ಕೇಳಿ ತಾವೂ ನಾಲ್ಕು ಹನಿ ಹಾಕುತ್ತಿದ್ದರು.

ಬಿಡುವಾಗ ಏನಾಗುತ್ತದೆ ಎಂದು ಅವನೇ ಹೇಳಿದ. ಮೊದಲು ಆಕಳಿಕೆ ಬರುತ್ತದೆ, ಬಂದರೆ ನಿಲ್ಲುವುದಿಲ್ಲ. ಕಣ್ಣು, ಮೂಗು ಸೋರುತ್ತವೆ. ಮೈಮೇಲೆ ಗುಳ್ಳೆ ಏಳುತ್ತವೆ, ಪುಕ್ಕ ಕಿತ್ತ ಕೋಳಿಯ ಚರ್ಮದ ಹಾಗೆ. ಹೊಟ್ಟೆ ಕಿತ್ತುಬರುತ್ತದೆ. ಮಲಗಿದರೆ ಕಾಲು ತಾವೇ ಒದೆಯುತ್ತವೆ. "ಸಾಯೂದಿಲ್ಲ ಅಕ್ಕಾ, ಅದ ಅದರ ದೊಡ್ಡ ತ್ರಾಸ" ಅಂದ.

ಅದಕ್ಕೆ ಅಲ್ಲಿ ಕೊಡುವ ಔಷಧಿ ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಣ್ಣ ಬಿಳಿ ಗುಳಿಗೆ. ನುಂಗಬಾರದು. ನಾಲಿಗೆಯ ಕೆಳಗೆ ಇಟ್ಟುಕೊಂಡು ಕರಗುವವರೆಗೆ ಸುಮ್ಮನೆ ಕೂರಬೇಕು, ಮಾತಾಡುವ ಹಾಗಿಲ್ಲ. ಮೆದುಳಿನಲ್ಲಿ ಹೆರಾಯಿನ್ ಕೂರುವ ಜಾಗದಲ್ಲಿ ಇದು ಹೋಗಿ ಕೂರುತ್ತದೆ, ಒದ್ದಾಟ ತಗ್ಗುತ್ತದೆ. ದಿನ ದಿನ ಪ್ರಮಾಣ ಇಳಿಸಿ ಕೊನೆಗೆ ನಿಲ್ಲಿಸುತ್ತಾರೆ. ನಾನು ಜೀವಮಾನವೆಲ್ಲ ನಾಲಿಗೆಯ ಕೆಳಗಿನ ಗುಳಿಗೆ ಹಿಡಿದು ಬೈದವಳು. ಇಲ್ಲಿ ಮೊರಾಗ್ ಅದು ಅಲ್ಲೇ ಇದೆಯೋ ಇಲ್ಲವೋ ಎಂದು ನೋಡುತ್ತಿದ್ದಳು.

ನಾನೂ ಅದೇ ಕೆಲಸದವಳು ಎಂದು ಹೇಳಿದೆ. ಅವಳು ನನ್ನ ಕೈ ಕುಲುಕಿದಳು.

"ಹಾಗಾದರೆ ನಿನಗೆ ರೋಗಿಗಳ ಎಲ್ಲ ಆಟವೂ ಗೊತ್ತು" ಅಂದಳು.

"ಎಲ್ಲವೂ" ಅಂದೆ ನಾನು.

ತುಳಸಿಮಾಲೆ ತೋರಿಸಿ ಆಣೆಯ ವಿಷಯವನ್ನೂ ಹೇಳಿದೆ. ಅವಳು ನಗಲಿಲ್ಲ. "ನಾವು ಆಣೆ ಮಾಡಿಸುವುದಿಲ್ಲ, ಕಪ್ಪು ಕೊಡುತ್ತೇವೆ" ಅಂದಳು. ಕಪ್ಪು ಅಂದರೆ ಮೂತ್ರದ ಕಪ್ಪು. ನಮ್ಮವರು ಮಾತು ನಂಬುತ್ತಾರೆ, ಇವರು ಉಚ್ಚೆ ನಂಬುತ್ತಾರೆ ಎಂದು ನನಗೆ ಬೇಜಾರಾಯಿತು.

ಭಾನುವಾರ

ಗುಳಿಗೆ ನಿಂತು ಐದು ದಿನವಾಗಿತ್ತು. ಭಾನುವಾರ ನಾಲ್ಕು ತಾಸು ಮನೆಯವರ ಜೊತೆ ಹೊರಗೆ ಹೋಗಲು ಬಿಟ್ಟರು. ಸೋಮವಾರ ಕೊನೆಯ ಕಪ್ಪು. ಬಾಗಿಲಲ್ಲಿ ಮೊರಾಗ್ ನನ್ನನ್ನು ಬದಿಗೆ ಕರೆದಳು.

"ಈಗ ಅವನ ಮೈಗೆ ಹಳೆಯ ರೂಢಿ ಹೋಗಿದೆ. ಮೊದಲು ತೆಗೆದುಕೊಳ್ಳುತ್ತಿದ್ದಷ್ಟೇ ಇವತ್ತು ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಕಣ್ಣಿಟ್ಟಿರು, ಹೆನ್."

ನನ್ನ ಕಣ್ಣಿನ ಬಗ್ಗೆ ಇವಳೇನು ಹೇಳುವುದು ಎಂದುಕೊಂಡೆ.

ಕೋಣೆಯಲ್ಲಿ ಅನ್ನ, ಸಾರು ಮಾಡಿದೆ. ಶೇಂಗಾ ಚಟ್ನಿ ಹಾಕಿಕೊಂಡು ಚೆನ್ನಾಗಿ ಉಂಡ. ಡಬ್ಬಿ ತೆರೆದೆ. ಒಂದು ಉಂಡಿ, ಎರಡು, ಮೂರು. ನಾಲ್ಕನೆಯದಕ್ಕೆ ಕೈ ಹಾಕಿದಾಗ ನನಗೇ ದಿಗಿಲಾಯಿತು.

"ಸಾವಕಾಶ ತಿನ್ನೋ, ಹೊಟ್ಟಿ ಕೆಡತೈತಿ."

"ಅವ್ವನ ಕೈ ರುಚಿ ಅಕ್ಕಾ. ತಿನ್ನಾಕ ಬಿಡು."

ಚಹಾಕ್ಕೆ ಹಾಲು ಮುಗಿದಿತ್ತು. ಮೂಲೆಯ ಅಂಗಡಿಯಿಂದ ನಾನೇ ತರುತ್ತೇನೆ ಎಂದು ಎದ್ದ. ಹೋಗಲಿ, ಸಣ್ಣ ಕೂಸೇನು ಎಂದು ಬಿಟ್ಟೆ. ಸ್ವಲ್ಪ ತಡವಾಯಿತು. ಹಾಲು ತಂದ. ಅಂಗಡಿಯಲ್ಲಿ ಸಾಲಿತ್ತು ಅಂದ. ಚಹಾ ಅರ್ಧ ಕುಡಿದು ನನ್ನ ಹಾಸಿಗೆಯ ಮೇಲೆ ಒರಗಿದವನಿಗೆ ನಿದ್ದೆ ಬಂತು. ತಿಂಗಳುಗಟ್ಟಲೆ ನಿದ್ದೆಯಿಲ್ಲದ ಹುಡುಗ, ಮನೆಯ ಊಟ ಹೊಟ್ಟೆಗೆ ಬಿತ್ತು, ಮಲಗಿದ ಎಂದುಕೊಂಡೆ. ಚಾದರ ಹೊದಿಸಿದೆ. ತಲೆ ಸವರಿದೆ. ಆ ಒಂದು ತಾಸು ನನ್ನ ಇಡೀ ಪ್ರವಾಸದಲ್ಲಿ ನಾನು ಸುಖವಾಗಿದ್ದ ಹೊತ್ತು.

ಸೋಮವಾರ

ಬೆಳಿಗ್ಗೆ ಹೋದಾಗ ಸಂಗು ತಲೆ ತಗ್ಗಿಸಿ ಕೂತಿದ್ದ. ಮೊರಾಗ್ ಕಪ್ಪಿನಲ್ಲಿ ಅದ್ದಿದ ಪರೀಕ್ಷೆಯ ಪಟ್ಟಿ ತೋರಿಸಿದಳು. ಅಫೀಮಿನ ಅಂಶ ಸಿಕ್ಕಿತ್ತು.

"ಸಂಗ್ಯಾ, ಏನೋ ಇದು?"

"ನಾ ಏನೂ ತಗೊಂಡಿಲ್ಲ ಅಕ್ಕಾ. ನಿನ್ನ ಸಂಗಟನ ಇದ್ದೆ. ಏನ ತಿಂದೆ, ಏನ ಕುಡದೆ ನೀನ ಹೇಳು ಇವರಿಗೆ."

ನೆನಪು ಮಾಡಿಕೊಂಡು ಹೇಳತೊಡಗಿದೆ. ಅನ್ನ, ಸಾರು, ಚಟ್ನಿ, ಅಂಟಿನುಂಡಿ. ಉಂಡಿ ಎನ್ನುತ್ತಲೇ ಸೋಲಾಪುರದ ಹೆಂಗಸಿನ ಸುಣ್ಣದ ಮುಖ ಕಣ್ಣೆದುರು ಬಂತು. ಗಸಗಸೆ! ಕುರ್ಚಿಯಿಂದ ಎದ್ದೇಬಿಟ್ಟೆ. ನನ್ನ ಮುರುಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ. ನಮ್ಮ ತಾಯಿ ಎರಡು ಬೊಗಸೆ ಹಾಕಿದ್ದಾಳೆ, ಇವನು ನಾಲ್ಕು ಉಂಡಿ ತಿಂದಿದ್ದಾನೆ, ತಪ್ಪು ನಮ್ಮದು, ಇವನದಲ್ಲ ಎಂದೆ.

ಮೊರಾಗ್ ಕೂಗಾಡಲಿಲ್ಲ. "ಆಗಬಹುದು" ಅಂದಳು. ಗಸಗಸೆ ಹಾಕಿದ ಬ್ರೆಡ್ ತಿಂದವರದ್ದೂ ಹೀಗೆ ಬರುವುದುಂಟಂತೆ. ದೊಡ್ಡ ಪ್ರಯೋಗಾಲಯಕ್ಕೆ ಕಳಿಸುತ್ತೇವೆ, ಗುರುವಾರ ಉತ್ತರ ಬರುತ್ತದೆ, ಅಲ್ಲಿಯವರೆಗೆ ಜಾಗ ಹಿಡಿದಿಡುತ್ತೇವೆ ಎಂದಳು.

ನನಗೆ ಅಷ್ಟು ಸಾಲಲಿಲ್ಲ. ಈ ದೊಡ್ಡ ದೇಶದವರಿಗೆ ಝಳಕಿಯ ನರ್ಸಬಾಯಿ ಏನೆಂದು ತೋರಿಸಬೇಕಿತ್ತು. ಕೋಣೆಗೆ ಬಂದು ನಾನೇ ನಾಲ್ಕು ಉಂಡಿ ತಿಂದೆ. ಅಷ್ಟು ಸಿಹಿ ನನಗೆ ಆಗುವುದಿಲ್ಲ, ಒಂದೊಂದು ತುತ್ತಿಗೂ ನೀರು ಕುಡಿದೆ. ಮರುದಿನ ಬೆಳಿಗ್ಗೆ ಔಷಧಿ ಅಂಗಡಿಯಿಂದ ಅದೇ ಥರದ ಪಟ್ಟಿ ಕೊಂಡು ತಂದೆ. ಇದು ಬಸುರಿನ ಪರೀಕ್ಷೆಗೆ ಉಲ್ಟಾ. ಗೆರೆ ಬರದಿದ್ದರೆ ಸಿಕ್ಕಿತು ಎಂದರ್ಥ. ಮುದುಕಿಯ ಬಾತ್‌ರೂಮಿನಲ್ಲಿ ಕಪ್ಪು ಹಿಡಿದು ನಿಂತು ಗೆರೆ ಬರಬಾರದು, ಬರಬಾರದು ಎಂದು ಬೇಡಿಕೊಂಡೆ.

ಬರಲಿಲ್ಲ. ಐವತ್ತು ದಾಟಿದ, ಎಲೆ ಅಡಿಕೆಯನ್ನೂ ಮುಟ್ಟದ ನಾನು ಆ ಪಟ್ಟಿಯ ಪ್ರಕಾರ ಅಫೀಮು ತಿಂದವಳಾಗಿದ್ದೆ. ಇಷ್ಟು ಸಂತೋಷ ನನಗೆ ನೌಕರಿಯ ಆದೇಶ ಬಂದಾಗಲೂ ಆಗಿರಲಿಲ್ಲ. ಪಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಇಳಿಯುವಾಗ ಡ್ರೈವರಿಗೆ ನಾನೂ ಥ್ಯಾಂಕ್ಸ್ ಹೇಳಿದೆ. ಮೊರಾಗ್‌ಳ ಮೇಜಿನ ಮೇಲೆ ಚೀಲ ಇಟ್ಟು, "ನೋಡು, ನನ್ನನ್ನೂ ಒಳಗೆ ಹಾಕಿಕೋ" ಅಂದೆ. ಅವಳು ಜೋರಾಗಿ ನಕ್ಕು ನನ್ನನ್ನು ಅಪ್ಪಿಕೊಂಡಳು. ಇನ್ನಿಬ್ಬರು ನರ್ಸುಗಳನ್ನು ಕರೆದು ತೋರಿಸಿದಳು.

ಸಂಗು ಮಾತ್ರ ನಗಲಿಲ್ಲ. ನನ್ನನ್ನು ಒಂದು ಥರ ನೋಡಿದ.

"ನನ್ನ ಸಲುವಾಗಿ ಇಷ್ಟೆಲ್ಲಾ ಯಾಕ ಮಾಡಿದಿ ಅಕ್ಕಾ" ಅಂದ.

ಹುಡುಗನ ಮನಸ್ಸು ಕರಗಿದೆ ಎಂದುಕೊಂಡೆ.

ಗುರುವಾರ

ಮೊರಾಗ್ ಅಂದು ಹೆನ್ ಎನ್ನಲಿಲ್ಲ. ಸಂಗು ಒಪ್ಪಿಗೆ ಕೊಟ್ಟಿದ್ದಾನೆ, ಅದಕ್ಕೇ ನಿನಗೂ ಹೇಳುತ್ತಿದ್ದೇನೆ ಎಂದು ಬಾಗಿಲು ಹಾಕಿದಳು. ಸಂಗು ಕಿಟಕಿಯ ಹತ್ತಿರ ಕೂತಿದ್ದ.

"ನೀನು ಹೇಳಿದ್ದು ಸುಳ್ಳಲ್ಲ. ಗಸಗಸೆಯೂ ಇರಬಹುದು. ಆದರೆ ಹೆರಾಯಿನ್ ಮೈಯಲ್ಲಿ ಕರಗುವಾಗ ಮಾತ್ರ ಹುಟ್ಟುವ ಒಂದು ವಸ್ತು ಇದೆ. ಎಷ್ಟು ಗಸಗಸೆ ತಿಂದರೂ ಅದು ಹುಟ್ಟುವುದಿಲ್ಲ. ಅದು ಸಿಕ್ಕಿದೆ. ಒಂದು ದಿನಕ್ಕಿಂತ ಹೆಚ್ಚು ಅದು ಉಳಿಯುವುದಿಲ್ಲ. ಅಂದರೆ ಭಾನುವಾರವೇ."

ಭಾನುವಾರ. ಹಾಲು. ತಡವಾಗಿ ಬಂದದ್ದು, ನಿದ್ದೆ, ನಾನು ಸವರಿದ ತಲೆ. ಅವನ ಕಣ್ಣಿನ ಪಾಪೆ ನೋಡಿದ್ದರೆ ಸಾಕಿತ್ತು, ಸಾಸಿವೆಯಷ್ಟಾಗಿರುತ್ತಿತ್ತು. ನನಗೆ ಗೊತ್ತಿದ್ದ ಲಕ್ಷಣ ಅದು. ರೋಗಿಯಾಗಿದ್ದರೆ ರೆಪ್ಪೆ ಎತ್ತಿ ನೋಡುತ್ತಿದ್ದೆ. ತಮ್ಮನೆಂದು ಚಾದರ ಹೊದಿಸಿದೆ. ಆ ಚಾದರದ ಕೆಳಗೇ ಅವನ ಉಸಿರು ನಿಂತಿದ್ದರೂ ನನಗೆ ತಿಳಿಯುತ್ತಿರಲಿಲ್ಲ.

ಮೊರಾಗ್ ಹೊರಗೆ ಹೋದಳು. ನಾವಿಬ್ಬರೇ ಉಳಿದೆವು.

"ಗಸಗಸಿ ತಿಂದ್ರ ಹಿಂಗಾಗತೈತಿ ಅಂತ ನಿನಗ ಮೊದ್ಲ ಗೊತ್ತಿತ್ತೇನು?"

ಅವನು ಕಿಟಕಿಯ ಕಡೆ ತಿರುಗಿದ.

"ಕೇಳಿದ್ದಕ್ಕ ಹೇಳೋ ಭಾಡ್ಯಾ!"

"ಗೊತ್ತಿತ್ತು. ಇಲ್ಲೆ ಒಬ್ಬಾಂವ ಹೇಳಿದ್ದ. ಬ್ರೆಡ್ ಹೆಸರು ಹೇಳಿ ಪಾರಾಗಿದ್ನಂತ. ನನಗ ಅವ್ವನ ಉಂಡಿ ನೆನಪಾತು."

"ವಿಮಾನ ಎಲ್ಲಿ ಬದಲಿ ಮಾಡ್ತಿ ಅಂತ ಯಾಕ ಕೇಳಿದಿ?"

"ಅಲ್ಲೆ ಹಿಡಿತಾರ ಅಂತ ಗೊತ್ತಿತ್ತು. ಅದಕ್ಕ ದೊಡ್ಡ ಬ್ಯಾಗಿನ್ಯಾಗ ಇಡು ಅಂದೆ."

"ನಾ ಕೈಚೀಲದಾಗ ತಂದೆ."

ಅವನು ತಲೆ ಎತ್ತಿ ನೋಡಿದ. ಮುಖ ಬಿಳಿಚಿಕೊಂಡಿತು.

"ನನ್ನ ಜೇಲಿಗೆ ಹಾಕಿದ್ರ ಏನ ಮಾಡ್ತಿದ್ದಿ?"

"ಅಷ್ಟ ದೂರ ವಿಚಾರ ಮಾಡಲಿಲ್ಲ ಅಕ್ಕಾ. ಒಂದ ಸಲ, ಒಂದ ಸಲ ಅಷ್ಟ ಅಂತ..."

"ಅಂದ್ರ ಫೋನ್ ಮಾಡಿದ ದಿನಾನ ನೀ ಭಾನುವಾರದ್ದು ವಿಚಾರ ಮಾಡಿದ್ದಿ. ಅವ್ವ ಉಂಡಿ ಕಟ್ಟೂಕಿಂತ ಮೊದಲ."

ಅಳುತ್ತ ತಲೆಯಾಡಿಸಿದ. ನನಗೆ ಅಳು ಬರಲಿಲ್ಲ. ಅವನು ಹೆರಾಯಿನ್ ತೆಗೆದುಕೊಂಡದ್ದು ರೋಗ, ಅದನ್ನು ಯಾವ ನರ್ಸಾದರೂ ತಿಳಿಯುತ್ತಾಳೆ. ಆದರೆ ಇಂಡಿಯ ಒಲೆಯ ಮುಂದೆ ಬೆವರು ಒರೆಸಿಕೊಳ್ಳುತ್ತ ಉಂಡಿ ಕಟ್ಟುತ್ತಿದ್ದ ಮುದುಕಿಯನ್ನು ತನ್ನ ಸಾಕ್ಷಿದಾರಳನ್ನಾಗಿ ಮಾಡಿಕೊಂಡದ್ದನ್ನು ನಾನು ಯಾವ ರೋಗದ ಲೆಕ್ಕಕ್ಕೂ ಹಾಕಲಾರೆ. ಕಪಾಳಕ್ಕೆ ಒಂದು ಬಿಟ್ಟೆ. ಬಾಗಿಲ ಗಾಜಿನಲ್ಲಿ ಮೊರಾಗ್‌ಳ ಮುಖ ಕಾಣಿಸಿತು. ಅವಳು ಒಳಗೆ ಬರಲಿಲ್ಲ.

ಔಷಧಿ ಅಂಗಡಿ

ಅವನನ್ನು ಬೀದಿಗೆ ದಬ್ಬಲಿಲ್ಲ, ಅಷ್ಟು ಹೇಳಬೇಕು. ಆರು ತಿಂಗಳ ಮನೆಯ ಜಾಗ ಮುಂದಿನವನಿಗೆ ಹೋಯಿತು. ಇವನಿಗೆ ಹಾಸ್ಟೆಲಿನ ಒಂದು ಕೋಣೆ ಮತ್ತು ಔಷಧಿ ಅಂಗಡಿಯಲ್ಲಿ ದಿನಾ ಒಂದು ಗುಳಿಗೆ ಸಿಕ್ಕಿತು. ಮೊರಾಗ್ ನನ್ನ ಕೈಗೆ ಒಂದು ಸಣ್ಣ ಪಿಚಕಾರಿ ಕೊಟ್ಟಳು. ಹೆರಾಯಿನ್ ಹೆಚ್ಚಾಗಿ ಉಸಿರು ನಿಂತರೆ ಅದನ್ನು ಮೂಗಿನಲ್ಲಿ ಒತ್ತಬೇಕು. ಒತ್ತುವುದನ್ನು ಕಲಿತೆ. ಒಬ್ಬನೇ ಬಿದ್ದವನ ಮೂಗಿಗೆ ಯಾರು ಒತ್ತಬೇಕು ಎಂದು ಕೇಳಿದೆ.  ಪಿಚಕಾರಿಯನ್ನು ಸಂಗುವಿನ ಕೋಟಿನ ಕಿಸೆಯಲ್ಲಿ ಇಟ್ಟೆ. ತುಳಸಿಮಾಲೆ ನನ್ನ ಪರ್ಸಿನಲ್ಲೇ ಉಳಿಯಿತು.

ಹೊರಡುವ ದಿನ ಅವನ ಜೊತೆ ಅಂಗಡಿಗೆ ಹೋದೆ. ಒಳಗೆ ಬರಬೇಡ ಅಂದ. ಮಳೆಯಲ್ಲಿ ಗಾಜಿನ ಹೊರಗೆ ನಿಂತೆ. ಅಂಗಡಿಯ ಹುಡುಗಿ ಗುಳಿಗೆ ಕೊಟ್ಟಳು, ನಾಲಿಗೆಯ ಕೆಳಗೆ ಇಟ್ಟುಕೊಳ್ಳುವುದನ್ನು ನೋಡಿದಳು. ಹಿಂದೆ ಸಾಲು ಬೆಳೆದಿತ್ತು. ಕರಗುವವರೆಗೆ ಕೂರಿಸದೆ ಥ್ಯಾಂಕ್ಸ್ ಎಂದು ಹೇಳಿ ಕಳಿಸಿದಳು. ಅವನು ಹೊರಗೆ ಬಂದು ಕೈಯೆತ್ತಿ ನನ್ನ ಬಸ್ಸು ತೋರಿಸಿದ.

ನಾನು ಹಾಗೇ ಹೋಗಬಹುದಿತ್ತು.

"ನಾಲಿಗಿ ಎತ್ತು" ಅಂದೆ.

ಅವನು ನನ್ನನ್ನೇ ನೋಡಿದ. ಆಮೇಲೆ ಬಾಯಿ ತೆರೆದು ನಾಲಿಗೆ ಎತ್ತಿದ. ಗುಳಿಗೆ ಅಲ್ಲೇ ಇತ್ತು, ಅಂಚು ಮಾತ್ರ ಕರಗಿತ್ತು. ಮುಚ್ಚು ಅಂದೆ. ಆ ಬಸ್ಸು ಹೋಯಿತು. ಗುಳಿಗೆ ಬಾಯಲ್ಲಿದ್ದಾಗ ಮಾತಾಡುವ ಹಾಗಿಲ್ಲವಾದ್ದರಿಂದ ಇಬ್ಬರೂ ಮಾತಿಲ್ಲದೆ ಮಳೆಯಲ್ಲಿ ನಿಂತೆವು. ಇನ್ನೊಂದು ಬಸ್ಸೂ ಹೋಯಿತು. ಮತ್ತೆ ಎತ್ತು ಅಂದೆ. ಎತ್ತಿದ. ಬಾಯಿ ಖಾಲಿ ಇತ್ತು. ಮೂರನೆಯ ಬಸ್ಸು ಹತ್ತಿದೆ. ಅವನೇನಾದರೂ ಹೇಳಿದನೋ ಏನೋ, ಬಾಗಿಲು ಮುಚ್ಚಿತು.

ಮತ್ತೆ ಕೊಲ್ಲಿಯ ದಾರಿಯಲ್ಲೇ ಮರಳಬೇಕಿತ್ತು. ಉಳಿದ ಉಂಡಿಗಳನ್ನು ಮುದುಕಿಯ ಮನೆಯ ಕಸದ ಡಬ್ಬಿಗೆ ಒಂದೊಂದಾಗಿ ಹಾಕಿದೆ. ತಿನ್ನುವುದನ್ನು ಕಸಕ್ಕೆ ಹಾಕಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಮತ್ತೆ ಇಂಡಿ

ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಬ್ಯಾಗು ಇಳಿಸುವ ಮೊದಲೇ ಶುರುಮಾಡಿದಳು.

"ಕಾಮಣಿ ಇಳೀತೇನ?"

"ಇಳ್ಯಾಕತ್ತೈತಿ. ಟೈಮ್ ಹಿಡಿತೈತಿ ಅಂದಾರ."

"ಗುಳಿಗಿ ಬರೋಬ್ಬರಿ ತಗೋತಾನಿಲ್ಲ?"

"ತಗೋತಾನ. ನಾನ ನಿಂತು ನೋಡಿ ಬಂದೇನಿ."

ಅವಳಿಗೆ ಸಮಾಧಾನವಾಯಿತು. ನಾಲಿಗಿಬಾಯಿ ನಿಂತು ನೋಡಿದ ಮೇಲೆ ಇನ್ನೇನು. ಖಾಲಿ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಮುಚ್ಚಳ ತೆರೆದು ಒಳಗೆ ಬೆರಳಾಡಿಸಿದಳು. ಮೂಲೆಯಲ್ಲಿ ಅಂಟಿಕೊಂಡಿದ್ದ ನಾಲ್ಕು ಗಸಗಸೆ ಕಾಳು ಅವಳ ಬೆರಳಿಗೆ ಹತ್ತಿದವು. ಅವನ್ನು ನಾಲಿಗೆಗೆ ಹಚ್ಚಿಕೊಂಡಳು.

"ಎಲ್ಲಾ ತಿಂದ್ನಲಾ ನನ್ನ ಮಗಾ! ಗಸಗಸಿ ಎಲ್ಲಿ ಕಮ್ಮಿ ಬಿತ್ತೋ ಅಂತ ನನಗ ಚಿಂತಿ ಆಗಿತ್ತು."

"ಇಲ್ಲವ್ವಾ" ಅಂದೆ. "ಅಂವಗ ಬೇಕಾದಷ್ಟು ಇತ್ತು."